ಹೊಸ್ತಿಲಾಚೆ ನಿಂತು ಸುವಾರ್ತೆ ಹೇಳುವುದು: ದಾವಣಗೆರೆ, ಚಿತ್ರದುರ್ಗದಲ್ಲಿ ನನ್ನ ಅನುಭವ

ಯೇಸುವಿನ ಸುವಾರ್ತೆ ಹೇಳಲು ದಾವಣಗೆರೆಯ ಯಾವ ಓಣಿಗೆ ಹೋದರೂ ಮೊದಲ ಪ್ರಶ್ನೆ ದೇವರ ಬಗ್ಗೆ ಇರುವುದಿಲ್ಲ. "ಯಾವ ಊರೋರ್ರೀ ನೀವು?" ಅನ್ನುವುದು ಮೊದಲನೆಯದು. "ಯಾರು ಕಳ್ಸಿದ್ರು?" ಎರಡನೆಯದು. "ಇದಕ್ಕೆ ನಿಮಗೆಷ್ಟು ಕೊಡ್ತಾರೆ?" ಮೂರನೆಯದು. ಈ ಮೂರಕ್ಕೂ ಒಂದೊಂದು ಸಾಲಿನ ನೇರ ಉತ್ತರ ಇಲ್ಲದವರು ಯೇಸುವಿನ ಹೆಸರು ಎತ್ತದಿರುವುದೇ ಒಳ್ಳೆಯದು. ಹೊಸಬರನ್ನು ಜೊತೆಗೆ ಕರೆದುಕೊಂಡು ಹೊರಡುವ ಮುಂಚೆ ನಾನು ಬೈಬಲ್ ವಾಕ್ಯ ಬಾಯಿಪಾಠ ಮಾಡಿಸುವುದಿಲ್ಲ, ಈ ಉತ್ತರಗಳನ್ನು ಮಾಡಿಸುತ್ತೇನೆ: ಮನೆ ಇರುವ ಬಡಾವಣೆ, ಹೊಟ್ಟೆಪಾಡಿಗೆ ಮಾಡುವ ಕೆಲಸ, ಹೋಗುವ ಸಭೆ (ಅಂದರೆ ಚರ್ಚು), ಕರಪತ್ರಕ್ಕೆ ದುಡ್ಡು ಹಾಕಿದವರು. "ದೇವರೇ ಕಳಿಸಿದ" ಎಂದರೆ ಅಲ್ಲಿಗೆ ಮುಗಿಯಿತು. ಕೇಳಿದವರಿಗೆ ಬೇಕಾದದ್ದು ಗುರುತು. ಗುರುತು ಕೊಡದವನ ಮೇಲೆ ಅನುಮಾನ ಬರುವುದು ಧರ್ಮದ ವಿಷಯವೇ ಅಲ್ಲ. ಚೀಟಿ ಹಣದವನಿಗೂ ಅದೇ ಪ್ರಶ್ನೆ ಕೇಳುತ್ತಾರೆ.

ಮೂರನೇ ಪ್ರಶ್ನೆಯ ಹಿಂದೆ ವಿದೇಶಿ ದುಡ್ಡಿನ ಮಾತು ಇರುತ್ತದೆ. ಅದಕ್ಕೆ ಸಿಟ್ಟಾಗಬಾರದು. ವಿದೇಶಿ ವಂತಿಗೆಗೆ 2010ರ ಕಾಯ್ದೆ ಇದೆ. 2020ರ ತಿದ್ದುಪಡಿಯಾದ ಮೇಲೆ ಆ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಿಮ್ಮ ಸಭೆಗೆ ಅಂಥ ಹಣ ಬರುವುದಿಲ್ಲವಾದರೆ ಬರುವುದಿಲ್ಲ ಎನ್ನಿ, ಬರುವುದಾದರೆ ಬರುತ್ತದೆ ಎನ್ನಿ. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ ಬೀದಿ ಹತ್ತು ವರ್ಷ ಮುಚ್ಚಿಕೊಳ್ಳುತ್ತದೆ.

ಇನ್ನು ಪ್ರತಿಕ್ರಿಯೆಯನ್ನು ಓದುವ ಕೆಲಸ. ನಮ್ಮ ಕಡೆ ಜನ ಮುಖಕ್ಕೆ ಹೊಡೆದ ಹಾಗೆ "ಬೇಡ" ಅನ್ನುವುದು ಕಡಿಮೆ. ಹತ್ತು ಬಗೆಯ ಬೇಡಗಳಿವೆ, ಅದರಲ್ಲಿ ಎಂಟು ಕೇಳುವುದಕ್ಕೆ "ಹೂಂ" ಎಂದಂತೆಯೇ ಇರುತ್ತವೆ. ಒಂದು ಕಣ್ಣು ಒಲೆಯ ಕಡೆ ಇಟ್ಟು, ಒಂದೇ ಕೈ ಚಾಚಿ "ಓದ್ತೀವಿ ಕೊಡ್ರಿ" ಎಂದರೆ ನಿಮ್ಮನ್ನು ಸಾಗಹಾಕಿದರು ಎಂದರ್ಥ. ಆ ಕಾಗದ ಗೋಡೆ ಗೂಡಿನಲ್ಲಿ ಕರೆಂಟ್ ಬಿಲ್ಲಿನ ಜೊತೆ ಕೂರುತ್ತದೆ. "ನಮ್ಮ ಯಜಮಾನ್ರು ಇಲ್ಲ" ಎಂದರೂ ಬೇಡವೇ; ಯಾವಾಗ ಬರುತ್ತಾರೆ ಎಂದು ಮರುಪ್ರಶ್ನೆ ಹಾಕುವುದು ಅಸಭ್ಯತನ, ಒಂಟಿ ಹೆಂಗಸಿಗೆ ಹೆದರಿಕೆಯೂ ಹೌದು. "ಮೊನ್ನೆ ತಾನೇ ನಿಮ್ಮೋರು ಬಂದಿದ್ರು" ಅನ್ನುವುದು ಬೇಸರದ ಮಾತು. ಬಂದವರು ನಿಮ್ಮ ಸಭೆಯವರಲ್ಲದೆ ಬೇರೆ ಪಂಗಡದವರೇ ಇರಬಹುದು, ಅದನ್ನು ವಿವರಿಸಲು ಹೋಗಬೇಡಿ. ಕ್ಯಾಥೊಲಿಕ್, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಪೆಂತೆಕೊಸ್ತು ಎಂಬ ವ್ಯತ್ಯಾಸ ಬೀದಿಗೆ ಗೊತ್ತಿಲ್ಲ, ಎಲ್ಲರೂ "ಚರ್ಚಿನೋರು". ಒಬ್ಬ ಮಾಡಿದ ಎಡವಟ್ಟಿನ ಬಿಲ್ಲು ಎಲ್ಲರ ಮನೆಗೂ ಬರುತ್ತದೆ.

ಹೊಸಬರು ಹೆಚ್ಚು ಮೋಸ ಹೋಗುವುದು ಇಲ್ಲಿ: ಅಜ್ಜಿಯೊಬ್ಬರು ಕರಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಒಳಗೆ ಹೋಗಿ ದೇವರ ಜಗಲಿಯ ಮೇಲೆ, ಎಲ್ಲಮ್ಮನ ಪಟದ ಪಕ್ಕ ಇಡುತ್ತಾರೆ. ಹೊರಗೆ ಬಂದ ಹುಡುಗ "ಅಣ್ಣಾ, ಅವರು ನಂಬಿದರು" ಎಂದು ಲೆಕ್ಕ ಬರೆದುಕೊಳ್ಳುತ್ತಾನೆ. ಅವರು ನಂಬಿದ್ದು ಹೊಸದೇನನ್ನೂ ಅಲ್ಲ. ದೇವರ ಹೆಸರಿರುವ ಕಾಗದವನ್ನು ನೆಲಕ್ಕೆ ಹಾಕಬಾರದು ಎಂಬ ಹಳೆಯ ಸಂಸ್ಕಾರ ಅದು. ಜಗಲಿಯಲ್ಲಿ ಇನ್ನೊಂದು ದೇವರಿಗೆ ಜಾಗ ಯಾವಾಗಲೂ ಇದೆ. ಅದನ್ನು ಗೌರವ ಎಂದು ತಿಳಿದು ನಮಸ್ಕಾರ ಹೇಳಿ ಬರಬೇಕು. ಸಭೆಯ ವರದಿಯಲ್ಲಿ ಯೇಸುವನ್ನು ನಂಬುವ ತೀರ್ಮಾನ ಮಾಡಿದವರ ಪಟ್ಟಿಗೆ ಆ ಅಜ್ಜಿಯ ಹೆಸರು ಸೇರಿಸುವುದು ಸುಳ್ಳು ಲೆಕ್ಕ. ಅಂಥ ಲೆಕ್ಕಗಳೇ ಮುಂದೆ ಯಾರದೋ ಫೋನಿಗೆ ಹೋಗಿ ಮತಾಂತರದ ಪಟ್ಟಿ ಎಂದು ಓಡಾಡುತ್ತವೆ. ಹೆಸರು, ಮನೆ ನಂಬರು, ಜಾತಿ ಬರೆದುಕೊಳ್ಳುವ ಅಭ್ಯಾಸವನ್ನು ನಾನು ಪೂರ್ತಿ ಬಿಡಿಸುತ್ತೇನೆ.

"ದೇವರೊಬ್ಬನೇ, ಹೆಸರು ಬೇರೆ ಬೇರೆ" ಅನ್ನುವುದು ಇಲ್ಲಿ ಬಹಳ ಸಲ ಸಿಗುವ ಉತ್ತರ. ವಚನ ಕೇಳಿ ಬೆಳೆದ ಊರುಗಳಿವು. ಏಕದೇವರ ಮಾತನ್ನು ಹೊಸ ಸುದ್ದಿ ಎಂಬಂತೆ ಹೇಳಿದರೆ ಕೊರಳಲ್ಲಿ ಇಷ್ಟಲಿಂಗ ಇರುವ ಯಜಮಾನರು ನಗುತ್ತಾರೆ, ನಗಬೇಕಾದ್ದೇ. ಈ ಮಾತಿಗೆ ಎರಡು ಅರ್ಥ. ನಿಂತುಕೊಂಡೇ ಹೇಳಿದರೆ ಪೂರ್ಣವಿರಾಮ. "ಬರ್ರಿ, ಕುಂತ್ಕಳ್ರಿ, ದೇವರೊಬ್ಬನೇ ಅಲ್ವೇನ್ರಿ" ಎಂದು ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರೆ ಮಾತು ಬೇಕು ಎಂದರ್ಥ. ಆಗ ಮೊದಲ ಹತ್ತು ನಿಮಿಷ ಅವರದ್ದನ್ನು ಕೇಳಬೇಕು. ಕೇಳಿದ ಮೇಲೆ ಬಹುತೇಕ ಎಲ್ಲರೂ "ನಿಮ್ಮದು ಹೇಳ್ರಿ" ಅನ್ನುತ್ತಾರೆ. ಅವರಾಗಿ ಕೇಳಿದ ಮೇಲೆ ಹೇಳಿದ ಮಾತಿಗೆ ತಕರಾರು ಬರುವುದು ಅಪರೂಪ.

ಭಾಷೆಯ ತೊಂದರೆ ದೊಡ್ಡದು, ಸಭೆಯೊಳಗಿದ್ದವರಿಗೆ ಅದು ಕಾಣುವುದಿಲ್ಲ. ಬೈಬಲ್ಲಿನ ಕನ್ನಡ ಬೇರೆ, ಮಂಡಿಪೇಟೆಯ ಕನ್ನಡ ಬೇರೆ. "ನಾವೆಲ್ಲರೂ ಪಾಪಿಗಳು" ಎಂಬುದು ಸಭೆಯಲ್ಲಿ ದಿನನಿತ್ಯದ ಮಾತು. ಬೀದಿಯಲ್ಲಿ "ಪಾಪಿ" ಬೈಗುಳ. "ನೀವು ಪಾಪಿಗಳು" ಎಂದ ತಕ್ಷಣ "ನಾನೇನು ಕಳ್ತನ ಮಾಡೀನಾ?" ಎಂಬ ಉತ್ತರ ಬರುತ್ತದೆ, ಅದು ನ್ಯಾಯವೇ. ನಾನು "ತಪ್ಪು", "ಮನಸ್ಸಿನ ಕೆಡುಕು" ಎನ್ನುತ್ತೇನೆ, ಅದೂ ಉತ್ತಮ ಪುರುಷದಲ್ಲಿ ಮಾತ್ರ. ಸಭೆಯಲ್ಲಿ ಯೇಸುವಿಗೆ ಹೇಳುವಂತೆ "ಕರ್ತನು" ಎಂದರೆ ಚಿತ್ರದುರ್ಗದ ಕಡೆಯವರಿಗೆ ಮಠದ ಕರ್ತೃ ಗದ್ದುಗೆ ನೆನಪಾಗುತ್ತದೆ. "ಯೇಸುಸ್ವಾಮಿ" ಎಂದರೆ ಎಲ್ಲರಿಗೂ ತಿಳಿಯುತ್ತದೆ. "ಕುರಿಮರಿಯ ರಕ್ತದಿಂದ ತೊಳೆಯಲ್ಪಟ್ಟು" ಎಂಬುದನ್ನು ಲಿಂಗಾಯತರ ಮನೆ ಬಾಗಿಲಲ್ಲಿ ಹೇಳಿದರೆ ಮುಖ ಸಿಂಡರಿಸುತ್ತಾರೆ. ಬಲಿ ಕೊಡುವ ಮನೆಯಲ್ಲಿ ಅದೇ ಮಾತು ದುಗ್ಗಮ್ಮನ ಹಬ್ಬದ ಲೆಕ್ಕದಲ್ಲಿ ಅರ್ಥವಾಗುತ್ತದೆ. ಎರಡೂ ಕಡೆ ಹೇಳಹೊರಟದ್ದು ತಲುಪುವುದಿಲ್ಲ. ರಕ್ತದ ಮಾತು ಎರಡನೇ ಮೂರನೇ ಭೇಟಿಗೆ, ಅದೂ ಅವರೇ ಶಿಲುಬೆಯ ಬಗ್ಗೆ ಕೇಳಿದರೆ. ಮತ್ತಾಯನ ಸುವಾರ್ತೆಯಲ್ಲಿ ಒಪ್ಪದ ಊರಿನಿಂದ ಹೊರಡುವಾಗ ಕಾಲಿನ ಧೂಳು ಝಾಡಿಸಿ ಎಂಬ ಮಾತಿದೆಯಲ್ಲ, ಅದನ್ನು ಅಕ್ಷರಶಃ ಮಾಡುವವರನ್ನು ಕಂಡಿದ್ದೇನೆ. ನಮ್ಮ ಕಡೆ ಮಣ್ಣು ತೂರುವುದೆಂದರೆ ಶಾಪ ಹಾಕಿದಂತೆ. ಬಾಗಿಲ ಮುಂದೆ ಚಪ್ಪಲಿ ಕೊಡವಿದರೂ ಸಾಕು, ಒಳಗಿದ್ದವರು ಕೋಲು ಹಿಡಿದು ಹೊರಬರುತ್ತಾರೆ.

"ಅದು ಇಂಗ್ಲಿಷ್‌ನೋರ ಧರ್ಮ" ಎಂದಾಗ ಕೆಲವರು ಇತಿಹಾಸ ಬಿಚ್ಚುತ್ತಾರೆ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಪೂರ್ಣ ಕನ್ನಡ ಬೈಬಲ್ ಮುಗಿದದ್ದು 1831ರಲ್ಲಿ, ಕಿಟೆಲ್ ನಿಘಂಟು 1894ರದ್ದು, ಇತ್ಯಾದಿ. ಎಲ್ಲ ನಿಜ. ಆದರೆ ಬಾಗಿಲಲ್ಲಿ ಇದು ತಿರುಗುಬಾಣ. "ನೋಡ್ರಿ, ಇಂಗ್ಲಿಷ್‌ನೋರೇ ತಂದಿದ್ದು ಅಂತ ನೀವೇ ಅಂದ್ರಿ" ಎನ್ನುತ್ತಾರೆ. ಯೇಸು ಹುಟ್ಟಿದ್ದು ಏಷ್ಯಾದಲ್ಲಿ, ಬಡಗಿಯ ಮನೆಯಲ್ಲಿ ಬೆಳೆದವನು ಎಂದಷ್ಟೇ ಹೇಳಿದರೆ ಸಾಕಾಗುತ್ತದೆ.

ಕರಪತ್ರ ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದ ಅಳತೆಯದ್ದಾಗಿರಲಿ, ಅಕ್ಷರ 14 ಪಾಯಿಂಟಿಗಿಂತ ಸಣ್ಣದು ಬೇಡ. ಕನ್ನಡದ ಒತ್ತಕ್ಷರಗಳು 10 ಪಾಯಿಂಟಿನಲ್ಲಿ ನಲವತ್ತು ದಾಟಿದವರ ಕಣ್ಣಿಗೆ ಇರುವೆ ಸಾಲಿನಂತೆ ಕಾಣುತ್ತವೆ. ಮುದ್ರಣಾಲಯದ ಹೆಸರು, ಊರು, ಪ್ರಕಟಿಸಿದವರ ವಿಳಾಸ ಕೆಳಗೆ ಇರಲೇಬೇಕು. ಠಾಣೆಗೆ ಹೋದಾಗ ಮೊದಲು ತಿರುಗಿಸಿ ನೋಡುವುದು ಆ ಸಾಲನ್ನೇ. ಮೊಳಕಾಲ್ಮೂರು, ಚಳ್ಳಕೆರೆಯ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಓದು ಕನ್ನಡ. ಮಾತಿಗೆ ತೆಲುಗು ಬಲ್ಲವರು ಬೇಕು. ಬೇರೆ ದೇವರ ಚಿತ್ರ, ನರಕದ ಬೆಂಕಿ, "ರೋಗ ವಾಸಿಯಾಗುವುದು" ಎಂಬ ಸಾಲು ಯಾವುದೂ ಬೇಡ. ಕೈಯಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಇರಬಾರದು. ನೂರರ ಕಟ್ಟು ಹಿಡಿದವನು ಎಲೆಕ್ಷನ್ ಕಾರ್ಯಕರ್ತನಂತೆ ಕಾಣುತ್ತಾನೆ, ಅವನಿಗೆ ಸಿಗುವ ಮರ್ಯಾದೆಯೇ ಸಿಗುತ್ತದೆ. ನಿಂತ ಬೈಕಿನ ಸೀಟಿಗೆ, ಬಸ್ಸಿನ ಕಿಟಕಿಗೆ, ಗೇಟಿನ ಸಂದಿಗೆ ಸಿಕ್ಕಿಸಿ ಹೋಗುವುದು ನಿಲ್ಲಬೇಕು.

ಹೊತ್ತು: ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ಸಂಜೆ ನಾಲ್ಕೂವರೆಯಿಂದ ಆರು. ದೀಪ ಹಚ್ಚಿದ ಮೇಲೆ ಬೇಡ. ಮಂಗಳವಾರ, ಶುಕ್ರವಾರ ಮನೆ ತೊಳೆದು ಪೂಜೆಯ ಗಡಿಬಿಡಿ, ಸೋಮವಾರ ಶಿವನ ವಾರ. ಅಮಾವಾಸ್ಯೆಯ ದಿನವಂತೂ ಅಪರಿಚಿತರು ಏನು ಕೊಟ್ಟರೂ ಮಾಟದ ಅನುಮಾನ. ಮುಂಗಾರಿನ ಬಿತ್ತನೆಯಲ್ಲಿ, ದಾವಣಗೆರೆ ಸೀಮೆಯ ಮೆಕ್ಕೆಜೋಳಕ್ಕೂ ಚಳ್ಳಕೆರೆಯ ಶೇಂಗಾಕ್ಕೂ ಜನ ಹೊಲದಲ್ಲಿರುತ್ತಾರೆ, ಊರಲ್ಲಿ ಮುದುಕರು ಮತ್ತು ಮಕ್ಕಳು ಮಾತ್ರ. ಆಗ ಹೋಗುವುದು "ದೊಡ್ಡೋರು ಇಲ್ಲದಾಗ ಬಂದ್ರು" ಎಂಬ ಮಾತಿಗೆ ಕಾರಣವಾಗುತ್ತದೆ. ಇಬ್ಬರೇ ಹೋಗಬೇಕು, ಒಬ್ಬರು ಹೆಂಗಸು, ಒಬ್ಬರು ಆ ಊರಿಗೆ ಪರಿಚಯದವರು. ಆರು ಜನ ಹೋದರೆ ದಂಡು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನಂಥ ಜಾತ್ರೆಯಲ್ಲಿ ಹಂಚಲು ಹೋಗುವುದನ್ನು ನಾನು ಯಾರಿಗೂ ಒಪ್ಪಿಗೆ ಕೊಡುವುದಿಲ್ಲ. ಬೇರೆಯವರ ಹಬ್ಬದ ಮನೆಗೆ ಹೋಗಿ ನಮ್ಮ ಮದುವೆ ಪತ್ರಿಕೆ ಹಂಚಿದ ಹಾಗೆ ಅದು.

ಕಾನೂನನ್ನು ಅರ್ಧ ತಿಳಿದವರಿಂದಲೇ ಹೆಚ್ಚು ಅನಾಹುತ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು. ಬೀದಿಯಲ್ಲಿ ವಾದ ಮಾಡುವವರು ಇದರ ಮೊದಲರ್ಧ ಮಾತ್ರ ಹೇಳುತ್ತಾರೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ತನ್ನ ಧರ್ಮದ ತತ್ವವನ್ನು ವಿವರಿಸಿ ಹರಡುವುದು ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವುದು ಹಕ್ಕಲ್ಲ. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ ಜೈಲು, 25,000 ರೂಪಾಯಿ ದಂಡ ಇಟ್ಟಿತು. ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಾದರೆ 3ರಿಂದ 10 ವರ್ಷ, 50,000. ಮತ ಬದಲಿಸುವವರು 30 ದಿನ ಮುಂಚೆ ಜಿಲ್ಲಾಧಿಕಾರಿ ಕಚೇರಿಗೆ ಘೋಷಣೆ ಕೊಡಬೇಕು ಎಂದಿತು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಇದನ್ನು ಹಿಂಪಡೆಯಲು ತೀರ್ಮಾನಿಸಿತು. ಅಷ್ಟಕ್ಕೇ "ಕಾಯ್ದೆ ಹೋಯ್ತು" ಎಂದು ಸಭೆಗಳಲ್ಲಿ ಚಪ್ಪಾಳೆ ತಟ್ಟಿದವರಿದ್ದಾರೆ. ಸಂಪುಟದ ತೀರ್ಮಾನ ಬೇರೆ, ಎರಡೂ ಸದನ ಒಪ್ಪಿದ ರದ್ದತಿ ಬೇರೆ. ಇವತ್ತಿನ ಸ್ಥಿತಿಯನ್ನು ಸ್ಥಳೀಯ ವಕೀಲರ ಬಾಯಲ್ಲೇ ಕೇಳಿಕೊಳ್ಳಿ.

ಆ ಕಾಯ್ದೆಯಲ್ಲಿ ಎಲ್ಲರೂ ಓದಬೇಕಾದದ್ದು ಆಮಿಷದ ವಿವರಣೆ. ದುಡ್ಡು, ಉಡುಗೊರೆ, ನೌಕರಿ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಓದು, ಮದುವೆಯ ಮಾತು ಎಲ್ಲ ಸರಿ, ಊಹಿಸಬಹುದು. ಅದರ ಜೊತೆಗೆ ಉತ್ತಮ ಜೀವನದ ಭರವಸೆ, ದೈವದ ಅವಕೃಪೆಯ ಮಾತು, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದು, ಇನ್ನೊಂದರ ಆಚರಣೆಯನ್ನು ಹೀಯಾಳಿಸುವುದು ಕೂಡ ಸೇರಿವೆ. ಅಂದರೆ "ನಂಬಿದರೆ ನಿಮ್ಮ ಕಷ್ಟ ಹೋಗುತ್ತೆ" ಎಂಬ ಸಾಲು, "ಆ ಕಲ್ಲಿಗೆ ಕೈ ಮುಗಿದರೆ ಏನು ಬರುತ್ತೆ" ಎಂಬ ಸಾಲು, ಎರಡೂ. ಎರಡನೆಯದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಧಾರ್ಮಿಕ ಭಾವನೆಗೆ ನೋವು ಮಾಡುವುದರ ವಿರುದ್ಧದ 299 ಮತ್ತು 302ನೇ ಕಲಂ ಬೇರೆ ಕಾದಿವೆ. ಕಾನೂನು ಇರಲಿ ಬಿಡಲಿ, ಆ ಮಾತು ಆಡಿದ ಮೇಲೆ ಆ ಮನೆಯವರು ನಿಮ್ಮ ಯಾವ ಮಾತನ್ನೂ ಕೇಳುವುದಿಲ್ಲ. ಮಕ್ಕಳ ಕೈಗೆ ಚಾಕೊಲೇಟನ್ನೂ ಕೊಡಬಾರದು. ಅಪ್ಪ ಅಮ್ಮ ಎದುರಿಗಿದ್ದರೂ ಸರಿ, ಕೊಡಬಾರದು.

2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯೇ ಮತಾಂತರವಾಗಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದ ಮೇಲೆ ಈ ಎರಡು ಜಿಲ್ಲೆಗಳಲ್ಲಿ ಪ್ರಶ್ನೆಯ ಧಾಟಿ ಬದಲಾಯಿತು. ಮುಂಚೆ "ನಿಮ್ಮ ದೇವರು ಏನು ಮಾಡ್ತಾನೆ?" ಎಂದು ಕೇಳುತ್ತಿದ್ದವರು ಈಗ "ಕನ್ವರ್ಟ್ ಮಾಡಾಕೆ ಬಂದೀರಾ?" ಎಂದೇ ಶುರು ಮಾಡುತ್ತಾರೆ. ಇದಕ್ಕೆ ನಾನು ಕೊಡುವ ಉತ್ತರ: "ಇಲ್ಲ ಯಜಮಾನ್ರೇ. ನಾನು ನಂಬಿದ್ದನ್ನ ಹೇಳಾಕೆ ಬಂದೀನಿ. ಬ್ಯಾಡ ಅಂದ್ರೆ ಈಗ್ಲೇ ಹೋಗ್ತೀನಿ." ಬೇಡ ಎಂದರೆ ಹೋಗಲೂ ಬೇಕು. "ಎರಡೇ ನಿಮಿಷ" ಎಂದು ಎಳೆದರೆ ಉತ್ತರ ಸುಳ್ಳಾಯಿತು.

"ನಮ್ಮ ಮನೇಲಿ ಹುಷಾರಿಲ್ಲ, ಪ್ರಾರ್ಥನೆ ಮಾಡ್ರಿ" ಎಂಬ ಕೋರಿಕೆ ಯಾವ ಜಾತಿಯ ಮನೆಯಿಂದಲೂ ಬರುತ್ತದೆ. ನಿಜವಾಗಿ ಬಾಗಿಲು ತೆರೆಯುವುದೂ ಅದೇ, ಕೆಡುವುದೂ ಅಲ್ಲೇ. ರೋಗಿಯನ್ನೂ ಮನೆಯ ಹಿರಿಯರನ್ನೂ ಕೇಳಿ, ಎಲ್ಲರ ಎದುರು, ಬಾಗಿಲು ತೆರೆದಿಟ್ಟು, ಮೂರು ನಿಮಿಷ ಮೆಲುದನಿಯಲ್ಲಿ ಪ್ರಾರ್ಥಿಸಿದರೆ ಸಾಕು. ಹೆಂಗಸರ ತಲೆ ಮೇಲೆ ಗಂಡಸರು ಕೈ ಇಡಬಾರದು. ಎಣ್ಣೆ, ನೀರು ಕುಡಿಸಬಾರದು. ಬಿಪಿ, ಶುಗರ್, ಫಿಟ್ಸ್ ಮಾತ್ರೆ ನಿಲ್ಲಿಸಿ ಎಂದು ಬಾಯಿ ತಪ್ಪಿಯೂ ಹೇಳಬಾರದು, ನಾನು ಹೊರಡುವಾಗ "ಮಾತ್ರೆ ತಗೊಂಡ್ರಾ?" ಎಂದು ಕೇಳಿಯೇ ಹೊರಡುತ್ತೇನೆ. ವಾಸಿಯಾಗುತ್ತದೆ ಎಂದು ಜಾಹೀರಾತು ಹಾಕಿದರೆ 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆ. ಇನ್ನೂ ಹತ್ತಿರದ ಕಾರಣ ಬೇರೆ: ರೋಗಿ ತೀರಿಕೊಂಡರೆ ಮೂರನೇ ದಿನದ ಹಾಲುತುಪ್ಪಕ್ಕೆ ಬಂದ ನೆಂಟರೆಲ್ಲ ನಿಮ್ಮ ಹೆಸರನ್ನೇ ಹೇಳುತ್ತಾರೆ. ದಾವಣಗೆರೆ ಆಸ್ಪತ್ರೆಗಳ ಊರು, ವಾರ್ಡಿನೊಳಗೆ ಕರಪತ್ರ ಹಿಡಿದು ಹೋಗುವ ಚಾಳಿ ಕೆಲವರಿಗಿದೆ. ಹಾಸಿಗೆ ಬಿಟ್ಟು ಏಳಲಾಗದವನಿಗೆ "ಬೇಡ" ಎಂದು ಎದ್ದು ಹೋಗಲು ಬರುವುದಿಲ್ಲ. ಅಲ್ಲಿಗೆ ಕರೆಯದೆ ಹೋಗಬಾರದು.

ಚಿತ್ರದುರ್ಗ ಜಿಲ್ಲೆಯ ಕಾಲೊನಿ, ತಾಂಡಾಗಳಲ್ಲಿ ಪ್ರಶ್ನೆ ಬೇರೆ. "ಚರ್ಚಿಗೆ ಬಂದ್ರೆ ಸರ್ಟಿಫಿಕೇಟ್ ಹೋಗುತ್ತಾ?" ಇದಕ್ಕೆ ಹಾರಿಕೆಯ ಉತ್ತರ ಕೊಡುವುದು ದೊಡ್ಡ ಮೋಸ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಸಿಖ್ಖರು 1956ರಲ್ಲಿ, ಬೌದ್ಧರು 1990ರಲ್ಲಿ ಸೇರಿದವರು. ಮಾದಿಗ, ಹೊಲೆಯ, ಭೋವಿ, ಲಂಬಾಣಿ ಕುಟುಂಬದವರು ಮತ ಬದಲಿಸಿದರೆ ಆ ಸ್ಥಾನ ಉಳಿಯುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಸಮುದಾಯದವರಿಗೆ ಧರ್ಮದ ಈ ಷರತ್ತು ಇಲ್ಲ. ಪ್ರಾರ್ಥನೆಗೆ ಬಂದು ಕೂರುವುದು ಬೇರೆ, ಮತ ಬದಲಿಸುವುದು ಬೇರೆ ಎಂಬುದನ್ನೂ ಬಿಡಿಸಿ ಹೇಳಬೇಕು. ಇದನ್ನು ಮುಚ್ಚಿಟ್ಟು ದೀಕ್ಷಾಸ್ನಾನ ಮಾಡಿಸುವ ಪಾಸ್ಟರ್ ಮಗಳ ಹಾಸ್ಟೆಲ್ ಸೀಟು ಹೋದ ದಿನ ಆ ತಂದೆಗೆ ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ.

ಊರಿನ ನಿಜವಾದ ಸಿಟ್ಟು ಬಹಳ ಸಲ ಪ್ರಸಾದ ಮತ್ತು ಪಟ್ಟಿಯ (ಜಾತ್ರೆಗೆ ಮನೆಮನೆಯಿಂದ ಎತ್ತುವ ವಂತಿಗೆಯ) ಬಗ್ಗೆ. "ನಮ್ಮನೆ ಪ್ರಸಾದ ಮುಟ್ಟಲ್ಲ, ಜಾತ್ರೆ ಪಟ್ಟಿ ಕೊಡಲ್ಲ, ಆಮೇಲೆ ಪ್ರೀತಿ ಅಂತ ಹೇಳಾಕೆ ಬರ್ತಾರೆ." ವಿಗ್ರಹಕ್ಕೆ ಇಟ್ಟದ್ದನ್ನು ತಿನ್ನುವ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದದ್ದರಲ್ಲೇ ಎರಡು ಮಗ್ಗುಲಿದೆ, ಸಭೆಗಳೂ ಒಂದೇ ತೀರ್ಮಾನಕ್ಕೆ ಬಂದಿಲ್ಲ. ತಿನ್ನದವರು ಮುಖ ತಿರುಗಿಸದೆ, ಮರ್ಯಾದೆಯಿಂದ "ನನ್ನ ಮನಸ್ಸು ಒಪ್ಪಲ್ಲ ಅಕ್ಕಾ, ಊಟಕ್ಕೆ ಕರೀರಿ ಬರ್ತೀನಿ" ಎಂದರೆ ಅರ್ಧ ಸಿಟ್ಟು ಇಳಿಯುತ್ತದೆ. ಪೂಜೆಗೆ ಕೊಡಲು ಮನಸ್ಸಿಲ್ಲದವರು ಊರ ಕೊಳವೆಬಾವಿಗೆ, ಶಾಲೆ ಕಾಂಪೌಂಡಿಗೆ ಪಟ್ಟಿಯಷ್ಟೇ ಹಣ ಕೊಟ್ಟು ರಸೀದಿ ಪಡೆಯಬಹುದು.

ಮನೆ ಪ್ರಾರ್ಥನೆಯಲ್ಲಿ ಹಾಡು ಎಷ್ಟು ಜೋರು ಎಂಬುದಕ್ಕಿಂತ ಬಾಗಿಲಲ್ಲಿ ಎಷ್ಟು ಜೊತೆ ಚಪ್ಪಲಿ ಎಂಬುದನ್ನು ಬೀದಿ ಎಣಿಸುತ್ತದೆ. ಹದಿನೈದು ದಾಟಿದರೆ "ಏನೋ ನಡೀತೈತೆ". ಬಾಡಿಗೆ ಮನೆಯಾದರೆ ಮಾಲೀಕರಿಗೆ ಮುಂಚೆಯೇ ಹೇಳಿರಬೇಕು, ಇಲ್ಲದಿದ್ದರೆ ಒತ್ತಡ ಬೀಳುವುದು ಅವರ ಮೇಲೆ. ಮೈಕಿಗೆ ಠಾಣೆಯ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6 ಸಾಮಾನ್ಯವಾಗಿ ಯಾರಿಗೂ ಇಲ್ಲ, ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್ ಮಿತಿ. ಹತ್ತಡಿ ಕೋಣೆಯಲ್ಲಿ ಮೈಕ್ ಯಾಕೆ ಎಂಬುದು ಇನ್ನೂ ನನಗೆ ಬಗೆಹರಿಯದ ವಿಷಯ.

ಗುಂಪು ಕೂಡಿದರೆ: ನಿಲ್ಲಿ, ಓಡಬೇಡಿ. ಓಡಿದವನು ಕಳ್ಳ. ಹತ್ತು ಜನರಲ್ಲಿ ಜಗಳ ಬೇಕಾದವರು ಇಬ್ಬರು, ಉಳಿದವರು ನೋಡಲು ಬಂದವರು. ಫೋನ್ ಎತ್ತಿ ಹಿಡಿದ ಹುಡುಗನ ಕಡೆ ಮಾತಾಡದೆ ಗುಂಪಿನಲ್ಲಿರುವ ಹಿರಿಯರನ್ನು ಹುಡುಕಿ, "ಯಜಮಾನ್ರೇ, ನಿಮ್ಮೂರಲ್ಲಿ ಬ್ಯಾಡ ಅಂದ್ರೆ ಹೊರಡ್ತೀವಿ" ಎನ್ನಿ. ಹೆಸರು ಕೇಳಿದರೆ ಹೇಳಿ, ಚೀಲ ತೋರಿಸಲು ಕೇಳಿದರೆ ಪೊಲೀಸರ ಎದುರು ತೋರಿಸುತ್ತೇವೆ ಎನ್ನಿ. ಕೈ ಮಾಡುವ ಲಕ್ಷಣ ಕಂಡರೆ 112. ಠಾಣೆಯಲ್ಲಿ ಖಾಲಿ ಹಾಳೆಗೆ ಸಹಿ ಹಾಕಬಾರದು, ದೂರು ಕೊಟ್ಟರೆ ಸ್ವೀಕೃತಿ ಪಡೆಯಬೇಕು. ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ ಎಂಬುದು ಜೊತೆಗಿರುವ ಅಕ್ಕಂದಿರಿಗೆ ಗೊತ್ತಿರಲಿ. ಅಂದು ರಾತ್ರಿಯೇ "ನಮ್ಮ ಮೇಲೆ ದಾಳಿ" ಎಂದು ವಾಟ್ಸಾಪಿಗೆ ಹಾಕುವುದರಿಂದ ಆ ಊರಲ್ಲಿರುವ ನಾಲ್ಕು ಕ್ರೈಸ್ತ ಮನೆಗಳಿಗೆ ತೊಂದರೆ; ಅವರನ್ನು ಕೇಳದೆ ಏನೂ ಹಾಕಬಾರದು.

ಇಷ್ಟೆಲ್ಲ ಇದ್ದರೂ ಸೆಪ್ಟೆಂಬರ್ 8ಕ್ಕೆ ಹರಿಹರಕ್ಕೆ ಹೋಗಿ ನೋಡಬೇಕು. 2019ರಲ್ಲಿ ಬೆಸಿಲಿಕಾ ಎನಿಸಿಕೊಂಡ ಆರೋಗ್ಯ ಮಾತೆಯ ದೇವಾಲಯದಲ್ಲಿ ಮೇಣದ ಬತ್ತಿ ಹಿಡಿದು ನಿಂತವರಲ್ಲಿ ಕುಂಕುಮ ಇಟ್ಟವರು, ವಿಭೂತಿ ಹಚ್ಚಿದವರು ಸಾಲುಸಾಲು. ಯಾರೂ ಅಡ್ಡಿ ಮಾಡುವುದಿಲ್ಲ. ಅವರಾಗಿ ಬಂದರೆ ಹರಕೆ, ನಾವಾಗಿ ಹೋದರೆ ಪ್ರಚಾರ. ಆ ಜನರನ್ನೇ ಗೇಟಿನಲ್ಲಿ ಹಿಡಿದು ಕರಪತ್ರ ತುರುಕಲು ಹೋಗುವ ಉತ್ಸಾಹಿಗಳಿಗೆ ಈ ವ್ಯತ್ಯಾಸ ಅರ್ಥವಾಗಿಲ್ಲ.

ಹೊರಡುವ ಮುಂಚೆ ಇನ್ನೊಂದು ಕೆಲಸ. ಹೋದ ಬೀದಿಯಲ್ಲೇ ಒಮ್ಮೆ ವಾಪಸ್ ನಡೆದು ಬಿದ್ದ ಕರಪತ್ರಗಳನ್ನು ಆರಿಸಿಕೊಳ್ಳಬೇಕು. ಇಪ್ಪತ್ತು ಕೊಟ್ಟರೆ ಮೂರು ನಾಲ್ಕು ಮೋರಿಯ ಪಕ್ಕ ಸಿಗುತ್ತವೆ. ದೇವರ ಹೆಸರು ಕಾಲಡಿ ಬಿದ್ದರೆ ಹಾಕಿದವರಿಗೂ ಕಸಿವಿಸಿ, ನೋಡಿದವರಿಗೂ. ಒಂದೆರಡು ಮೂಲೆಯ ಅಂಗಡಿಯಲ್ಲಿ ಮಂಡಕ್ಕಿ ಪೊಟ್ಟಣವಾಗಿರುತ್ತವೆ. ಅವನ್ನು ಕೇಳಲು ಹೋಗಬಾರದು, ಮಿರ್ಚಿ ಜೊತೆ ಒಂದು ಪೊಟ್ಟಣ ಕೊಂಡು ತಿಂದು ಬರಬಹುದು.